ದಿನಾಂಕವಿಲ್ಲದ ರಾಜೀನಾಮೆ

ಜೂನ್ 3, 2025, ಮಂಗಳವಾರ

ಬಯೋಮೆಟ್ರಿಕ್ ಮತ್ತೆ ಕೆಟ್ಟಿದೆ. ನಲವತ್ತೊಂದು ಜನರ ಹಾಜರಿ ರಿಜಿಸ್ಟರಿನಲ್ಲೇ ಆಯಿತು. ಇಬ್ಬರು ಲೇಟು, ಒಬ್ಬನಿಗೆ ಹಲ್ಲುನೋವು.

ಹತ್ತು ಗಂಟೆಗೆ ಯೋಗಾನಂದ ಸಾರ್ ಕರೆದರು. ಮಾಲೀಕರು ಇಷ್ಟು ಖುಷಿಯಲ್ಲಿದ್ದದ್ದು ನೋಡಿ ತುಂಬಾ ದಿನವಾಗಿತ್ತು. ನಮ್ಮ ವಾಲ್ವ್‌ಗಳನ್ನು ಜರ್ಮನಿಯಲ್ಲಿ ಮಾರಲು ಅಲ್ಲಿಯವರೇ ಒಬ್ಬರು ಸಿಕ್ಕಿದ್ದಾರಂತೆ. ಹೆಸರು ಹೈಕೆ, ಹೆಂಗಸು, ಹನ್ನೆರಡು ವರ್ಷದ ಅನುಭವ. ಏಜೆಂಟ್ ಅಲ್ಲ, ನಮ್ಮದೇ ಎಂಪ್ಲಾಯಿ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಈ ಶೆಡ್ಡಿನಿಂದ ಜರ್ಮನಿಗೆ ತಿಂಗಳ ಸಂಬಳ. ನನಗೂ ಸ್ವಲ್ಪ ಜಂಬ ಬಂತು, ಸುಳ್ಳೇಕೆ.

"ಗಿರಿಜಮ್ಮ, ನಮ್ ಸೆಟ್ಟೇ ಕಳ್ಸಿ. ಹೆಸರೊಂದು ಚೇಂಜ್ ಮಾಡಿ ಸಾಕು."

"ಅಲ್ಲಿ ಕಾನೂನು ಬೇರೆ ಇರತ್ತಲ್ಲ ಸಾರ್?"

"ಅದಕ್ಕೇ ಅಲ್ಲೊಬ್ಬ ಪೇರೋಲ್ ಕನ್ಸಲ್ಟೆಂಟ್‌ನ ಹಿಡಿದಿದೀನಿ. ಅವ್ನು ನೋಡ್ಕೋತಾನೆ. ನೀವು ಪೇಪರ್ಸ್ ಕಳ್ಸಿ."

ಸೆಟ್ ಅಂದರೆ ಏಳು ಹಾಳೆ. ಹದಿನೆಂಟು ವರ್ಷದಿಂದ ಅದೇ ಏಳು. ಅಪಾಯಿಂಟ್‌ಮೆಂಟ್ ಲೆಟರ್, ಬಯೋಡೇಟಾ, ಪಿ.ಎಫ್. ಫಾರಂ... ಕೊನೆಯದು ರಾಜೀನಾಮೆ ಪತ್ರ. ಸೇರುವ ದಿನವೇ ಸಹಿ ಮಾಡಿಸಿ, ದಿನಾಂಕ ಖಾಲಿ ಬಿಟ್ಟು, ಬೀರುವಿನಲ್ಲಿ ಇಟ್ಟುಕೊಳ್ಳುವುದು. ಬೇಡವಾದ ದಿನ ದಿನಾಂಕ ತುಂಬಿದರೆ ಅವರಾಗಿಯೇ ಬಿಟ್ಟುಹೋದ ಹಾಗೆ. ಎಲ್ಲ ಕಡೆ ಹೀಗೇ ಎಂದು ನಾನು ಸೇರಿದ ವರ್ಷ ಯಾರೋ ಹೇಳಿದ್ದರು. ನಾನು ಬೇರೆಲ್ಲೂ ಕೇಳಿ ನೋಡಲಿಲ್ಲ.

ಏಳೂ ಸ್ಕ್ಯಾನ್ ಮಾಡಿ ಕಳಿಸಿದೆ. ಐದೂವರೆಗೆ ಬಸ್ಸು.

ಜೂನ್ 5, ಗುರುವಾರ

ಹೈಕೆಯ ಮೇಲ್ ಬಂತು. ಫಾರಂನಲ್ಲಿ "ತಂದೆ/ಗಂಡನ ಹೆಸರು" ಇದ್ದಲ್ಲಿ ಒಂದು ಗೆರೆ ಎಳೆದಿದ್ದಾಳೆ. ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ್ದಾಳೆ, ನಯವಾಗಿಯೇ. ಆದರೆ ಅಲ್ಲಿನ ಕನ್ಸಲ್ಟೆಂಟ್ ಕಳಿಸಿದ ಫಾರಂನಲ್ಲಿ ಧರ್ಮ ಯಾವುದು ಎಂಬ ಕಾಲಂ ಇದೆ, ಅದನ್ನು ತಕರಾರಿಲ್ಲದೆ ತುಂಬಿದ್ದಾಳೆ. ಅಲ್ಲಿ ಚರ್ಚಿನ ತೆರಿಗೆಯನ್ನೂ ಸಂಬಳದಲ್ಲೇ ಹಿಡಿಯುತ್ತಾರಂತೆ. ಅಪ್ಪನ ಹೆಸರು ಕೇಳಬಾರದು, ದೇವರ ಹೆಸರು ಕೇಳಬಹುದು. ಕಲಿಯಬೇಕಾದ್ದು ತುಂಬಾ ಇದೆ.

ಕೊನೆಯ ಪ್ರಶ್ನೆ ಏಳನೇ ಹಾಳೆಯದು. "ನಾನಿನ್ನೂ ಸೇರಿಯೇ ಇಲ್ಲ. ರಾಜೀನಾಮೆ ಪತ್ರ ತಪ್ಪಿ ಬಂದಿರಬೇಕು ಅಲ್ಲವೇ?"

ತಪ್ಪಿ ಬಂದದ್ದಲ್ಲ ಎಂದು ಬರೆದೆ. ಕಂಪನಿಯ ಫಾರ್ಮಾಲಿಟಿ, ಸಹಿ ಮಾಡಿ, ದಿನಾಂಕ ಬರೆಯಬೇಡಿ, ನಮ್ಮಲ್ಲಿ ಎಲ್ಲರೂ ಮಾಡಿದ್ದಾರೆ. ಕನ್ಸಲ್ಟೆಂಟ್‌ಗೂ ಕಾಪಿ ಹಾಕಿದೆ. ಸೆಂಡ್ ಒತ್ತಿ ಟೀ ಕುಡಿದೆ. ಒಂದು ಕ್ಷಣವೂ ಏನೂ ಅನ್ನಿಸಲಿಲ್ಲ. ಇದನ್ನು ಬರೆದಿಡಬೇಕು.

ಜೂನ್ 10, ಮಂಗಳವಾರ

ಮಧ್ಯಾಹ್ನ ಎರಡಕ್ಕೆ ವಿಡಿಯೋ ಕಾಲ್. ಸಾರ್ ಪಕ್ಕದಲ್ಲಿ ನಾನು. ಆ ಕಡೆ ಕನ್ಸಲ್ಟೆಂಟ್, ನರೆತ ಗಡ್ಡ, ದನಿ ಏರಿಸದ ಮನುಷ್ಯ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿಕೊಟ್ಟ, ನಾನು ಬರೆದುಕೊಂಡೆ. ಆರು ತಿಂಗಳು ಪ್ರೊಬೇಶನ್. ಆಗಲೂ ಎರಡು ವಾರ ನೋಟಿಸ್. ಆರೋಗ್ಯ ವಿಮೆ, ಪಿಂಚಣಿ ಎಲ್ಲದರಲ್ಲೂ ಹೆಚ್ಚುಕಡಿಮೆ ಅರ್ಧ ಅವರದು, ಅರ್ಧ ನಮ್ಮದು. ಬಿಡುವುದಾದರೂ ಬಿಡಿಸುವುದಾದರೂ ಕಾಗದದ ಮೇಲೆ ಶಾಯಿಯ ಸಹಿ ಬೇಕು, ಮೇಲ್ ನಡೆಯುವುದಿಲ್ಲ. ಬಸುರಿಯರನ್ನು ತೆಗೆಯುವಂತಿಲ್ಲ, ಹೆರಿಗೆಯಾಗಿ ನಾಲ್ಕು ತಿಂಗಳವರೆಗೂ.

ಅಲ್ಲಿ ಬರೆಯುವುದು ನಿಂತಿತು. ನಮ್ಮಲ್ಲೂ ಕಾನೂನು ಬೇರೆಯೇನಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಆಮೇಲೆ ಅವನು ಏಳನೇ ಹಾಳೆಯನ್ನು ಸ್ಕ್ರೀನ್ ಮೇಲೆ ತಂದ. ಇಂಥ ಕಾಗದಕ್ಕೆ ಇಲ್ಲಿ ಕವಡೆ ಕಾಸಿನ ಬೆಲೆಯಿಲ್ಲ, ಆದರೆ ಕೇಳಿದ್ದೇ ತಪ್ಪಾಗುತ್ತದೆ ಎಂದ. "ನಿಮ್ಮಲ್ಲಿ ಎಲ್ಲರೂ ಸಹಿ ಮಾಡಿದ್ದಾರೆ ಎಂದು ಮೇಡಂ ಬರೆದಿದ್ದಾರೆ. ಹೌದೇ?"

ಸಾರ್ ನಕ್ಕರು. ಇಲ್ಲ ಇಲ್ಲ, ಹಳೇ ಫಾರಂ, ಗಿರಿಜಾ ಮೇಡಂ ಇಂಗ್ಲಿಷ್ ಸ್ವಲ್ಪ ಹಾಗೆ ಎಂದರು. ನಾನೂ ನಕ್ಕೆ. ಹೌದು, ನನ್ನ ಇಂಗ್ಲಿಷ್ ಎಂದೆ. ಬಿ.ಕಾಂ. ಫಸ್ಟ್ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಆ ಮನುಷ್ಯ ನಗಲಿಲ್ಲ. ಅಷ್ಟು ದೂರ ಕೂತವನ ಮುಂದೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಜೂನ್ 11, ಬುಧವಾರ, ಬೆಳಿಗ್ಗೆ 6

ಪೂಜೆಗೆ ಕೂತು ಲಿಂಗವನ್ನು ಎಡಗೈಯಲ್ಲಿ ಹಿಡಿದರೆ ಕಣ್ಣು ಬಲಗೈಯ ಮೇಲೇ. ಬರೆದ ಕೈ. ಪೂಜೆ ಅರ್ಧಕ್ಕೆ ಎದ್ದೆ. ನಮ್ಮವರು "ಹುಷಾರಿಲ್ವಾ?" ಎಂದರು. ತಲೆನೋವು ಎಂದೆ.

ಸುಮಾ. ಎರಡು ವರ್ಷದಿಂದ ಈ ಹೆಸರನ್ನು ಇಲ್ಲಿ ಬರೆದಿಲ್ಲ.

ಕ್ವಾಲಿಟಿ ವಿಭಾಗದಲ್ಲಿದ್ದಳು. 2019ರಲ್ಲಿ ಸೇರಿದಳು, ನನ್ನ ಮುಂದೆಯೇ ಏಳೂ ಹಾಳೆಗೆ ಸಹಿ ಹಾಕಿದಳು. "ಇದೇನಕ್ಕ, ಸೇರೋ ದಿನಾನೇ ಕಳಿಸ್ತಿದೀರಾ?" ಎಂದು ನಗೆಯಾಡಿದ್ದಳು. 2023ರ ಮಾರ್ಚಿನಲ್ಲಿ ಊಟದ ಹೊತ್ತಿಗೆ ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿದಳು. "ಅಕ್ಕ, ಮೂರು ತಿಂಗಳು. ಯಾರಿಗೂ ಹೇಳ್ಬೇಡಿ, ನಿಮಗೇ ಮೊದಲು ಹೇಳ್ತಿರೋದು." ನನ್ನ ಡಬ್ಬಿಯ ಮಾವಿನಕಾಯಿ ಚಿತ್ರಾನ್ನ ಅರ್ಧ ಅವಳೇ ತಿಂದಳು.

ಅವಳ ಸಂಬಳ ಇ.ಎಸ್.ಐ. ಮಿತಿ ದಾಟಿತ್ತು. ಅಂದರೆ ಇಪ್ಪತ್ತಾರು ವಾರದ ಹೆರಿಗೆ ರಜೆಯ ಸಂಬಳ ಕಂಪನಿಯೇ ಕೊಡಬೇಕು. ನಾಲ್ಕು ಗಂಟೆಗೆ ಸಾರ್‌ಗೆ ವಿಷಯ ತಿಳಿಸಿದೆ. ಸಾರ್ ಹೇಳಿದರು, ನಾನು ದಿನಾಂಕ ಬರೆದೆ. ಅವಳ ಸಹಿಯ ಶಾಯಿಗೆ ಹೊಂದುವ ನೀಲಿ ಪೆನ್ನು ಹುಡುಕಿ ಬರೆದೆ.

ಜೂನ್ ತಿಂಗಳಲ್ಲಿ ಒಮ್ಮೆ ಬಂದಿದ್ದಳು, ಹೊಟ್ಟೆ ಮುಂದೆ ಬಂದಿತ್ತು. ಗೇಟಿನಲ್ಲಿ ಮುಕ್ಕಾಲು ಗಂಟೆ ನಿಂತಳು. ಮೀಟಿಂಗಿನಲ್ಲಿದ್ದೇನೆ ಎಂದು ಸೆಕ್ಯುರಿಟಿಯಿಂದ ಹೇಳಿಸಿದೆ. ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದೆ. ಅವಳಿಗೆ ಕುರ್ಚಿಯನ್ನೂ ಕಳಿಸಲಿಲ್ಲ.

ಜೂನ್ 13, ಶುಕ್ರವಾರ

ಜರ್ಮನಿಯಲ್ಲಿ ನಮ್ಮ ಮಾಲು ಕೊಳ್ಳಲಿರುವ ದೊಡ್ಡ ಗಿರಾಕಿ ಕನ್ಸಲ್ಟೆಂಟ್ ಮೂಲಕ ಒಂದು ಡಿಕ್ಲರೇಶನ್ ಕೇಳಿದ್ದಾನೆ. ಮಾಲು ಕೊಡುವವರ ಕಾರ್ಖಾನೆಯಲ್ಲಿ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಅಲ್ಲಿ ಲಿಖಿತವಾಗಿ ಪಡೆಯುತ್ತಾರಂತೆ. ಖಾಲಿ ರಾಜೀನಾಮೆಯ ಸಾಲನ್ನು ಕನ್ಸಲ್ಟೆಂಟೇ ಸೇರಿಸಿರಬೇಕು. "ಯಾವ ಉದ್ಯೋಗಿಯಿಂದಲೂ ದಿನಾಂಕವಿಲ್ಲದ ರಾಜೀನಾಮೆ ಪಡೆದಿಲ್ಲ, ಹಿಂದೆಯೂ ಪಡೆದಿರಲಿಲ್ಲ." ಕೆಳಗೆ ಎಚ್.ಆರ್. ಸಹಿ.

"ಬೀರುಲಿರೋದೆಲ್ಲಾ ಹರಿದ್ಹಾಕಿ ಗಿರಿಜಮ್ಮ, ಆಮೇಲೆ ಸೈನ್ ಮಾಡಿ. ಆಗ ಸುಳ್ಳಾಗಲ್ಲ."

ಹರಿದೆ. ನಲವತ್ತೊಂದು. ನಮ್ಮಲ್ಲಿ ಅದಕ್ಕೆ ಮೆಷಿನ್ ಇಲ್ಲ, ಕೈಯಲ್ಲೇ. ನನ್ನದೂ ಇತ್ತು, 2007ರದು, ಹಳದಿ ಬಿದ್ದಿತ್ತು. ಹರಿದದ್ದು ಆ ನಲವತ್ತೊಂದು ಜನಕ್ಕೆ ಒಳ್ಳೆಯದೇ ಆಯಿತು. ಹಾಗೆಂದುಕೊಂಡು ಡಿಕ್ಲರೇಶನ್‌ಗೆ ಸಹಿ ಹಾಕಿದೆ. ಸುಳ್ಳು ಅಂತ ಗೊತ್ತಿದ್ದೇ ಹಾಕಿದೆ.

ಸುಮಾಳದು ಬೀರುವಿನಲ್ಲಿರಲಿಲ್ಲ, ಬಿಟ್ಟುಹೋದವರ ಫೈಲಿನಲ್ಲಿತ್ತು. ತೆಗೆದು ನೋಡಿದೆ. ಪತ್ರ ಬರೆದಿರುವುದು "ಮಾಲೀಕರು, ಶ್ರೀ ಚನ್ನಿಗರಾಯ ಎಂಜಿನಿಯರಿಂಗ್ ವರ್ಕ್ಸ್" ಅವರಿಗೆ. 2021ರಲ್ಲೇ ಕಂಪನಿ ಪ್ರೈವೇಟ್ ಲಿಮಿಟೆಡ್ ಆಗಿ ಹೆಸರು ಬದಲಾಗಿತ್ತು. ನಾನು ತುಂಬಿದ ದಿನಾಂಕ 2023. ಇಲ್ಲದ ಕಂಪನಿಗೆ ರಾಜೀನಾಮೆ. ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ, ನನ್ನ ಕಣ್ಣಿಗೂ.

ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಜೂನ್ 22, ಭಾನುವಾರ

ಒಂಬತ್ತು ದಿನ ಆ ಕಾಗದ ಬ್ಯಾಗಿನಲ್ಲೇ ಇತ್ತು. ಇವತ್ತು ಹೋದೆ.

ಫೈಲಿನಲ್ಲಿದ್ದ ವಿಳಾಸ ಗೋವಿಂದರಾಜನಗರದ್ದು, ನಮ್ಮ ಮನೆಯಿಂದ ಮೂರು ರಸ್ತೆ. ಇಷ್ಟು ಹತ್ತಿರ ಇದ್ದಳು. ಬಾಡಿಗೆ ಕಟ್ಟಲಾಗದೆ ಉಲ್ಲಾಳಕ್ಕೆ ಹೋದರು ಎಂದು ಆ ಮನೆಯ ಓನರ್ ಹೇಳಿ ಹೊಸ ವಿಳಾಸ, ಫೋನ್ ನಂಬರ್ ಕೊಟ್ಟರು. ಬಸ್ಸಿಳಿದು ಬಾಳೆಹಣ್ಣು, ಬಿಸ್ಕತ್ತು ತೆಗೆದುಕೊಂಡೆ. ಮಗುವಿರುವ ಮನೆ ಎಂದು ಅಭ್ಯಾಸ ಬಲ. ಬಾಗಿಲಿಗೆ ಹೋಗುವಷ್ಟರಲ್ಲಿ ಆ ಕವರು ಹಿಡಿದ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಸುಮಾ ತೆಗೆದಳು. "ಬನ್ನಿ ಅಕ್ಕ, ಒಳಗ್ ಬನ್ನಿ" ಎಂದಳು. ಬಾಗಿಲು ಹಾಕಿಕೊಂಡಿದ್ದರೆ ಚೆನ್ನಾಗಿತ್ತು.

ಹೆಣ್ಣುಮಗು. ಎರಡು ತುಂಬಲು ಇನ್ನೂ ಮೂರು ತಿಂಗಳು. ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಓಡಿತು.

ಕಾಗದ ಕೊಟ್ಟೆ. ಸುಮಾ ಕ್ವಾಲಿಟಿಯವಳು. ಬೆಳಕಿಗೆ ಹಿಡಿದು ಮೇಲಿಂದ ಕೆಳಕ್ಕೆ ನೋಡಿದಳು.

"ಈ ಹೆಸರು ಆಗ ಇರ್ಲೇ ಇಲ್ವಲ್ಲ ಅಕ್ಕ."

"ಹೂಂ. ನಾನೂ ಈಗಲೇ ನೋಡಿದ್ದು. ನಿನಗೆ ಉಪಯೋಗಕ್ಕೆ ಬರುತ್ತೆ ಅಂತ ತಂದೆ."

"ಆಗ ಒಬ್ರು ಲಾಯರ್ ಹತ್ರ ಹೋಗಿದ್ವಿ. ಡೇಟ್ ಬೇರೆಯವ್ರು ಹಾಕಿದ್ದು ಅಂತ ಯಾರಾದ್ರೂ ಬರ್ಕೊಟ್ರೆ ಕೇಸ್ ನಿಲ್ಲತ್ತೆ ಅಂದಿದ್ರು. ಯಾರು ಬರ್ಕೊಡ್ತಾರೆ ಅಂತ ಸುಮ್ನಾದ್ವಿ." ಕಾಗದ ಮಡಿಸಿದಳು. "ನೀವು ಬರ್ಕೊಡ್ತೀರಾ?"

"ಸಾರ್ ಹೇಳಿದ್ರು ಕಣೇ, ನಾನು ಬರೆದೆ ಅಷ್ಟೇ."

"ಹಂಗೇ ಬರ್ಕೊಡಿ. ಇದ್ದದ್ದನ್ನ ಬರ್ಕೊಡಿ ಸಾಕು."

ನೋಡೋಣ ಎಂದೆ. ನೋಡೋಣ. ಏನು ಮಾತು ಅದು. ಸುಮಾ ಬೈಯಲಿಲ್ಲ. ಒಂದೂವರೆ ವರ್ಷ ಕೆಲಸ ಸಿಗಲಿಲ್ಲ, ಈಗ ಕೆಂಗೇರಿ ಕಡೆ ಒಂದು ಫ್ಯಾಕ್ಟರಿ, ಮೊದಲಿನ ಮುಕ್ಕಾಲು ಸಂಬಳ ಎಂದಳು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದಳು:

"ನಮ್ಮಮ್ಮಂಗೂ ಆಮೇಲೇ ಹೇಳಿದ್ದು ಅಕ್ಕ. ನಿಮಗೇ ಮೊದ್ಲು ಹೇಳಿದ್ದೆ."

ಜೂನ್ 30, ಸೋಮವಾರ

ಸುಮಾ ನಿನ್ನೆ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಇವತ್ತು ಒಂದು ಸಲ.

ಜುಲೈ 1, ಮಂಗಳವಾರ

ಹೈಕೆ ಇವತ್ತು ಸೇರಿದಳು. ಆರು ಹಾಳೆ. ಮೇಲ್ ಬರೆದಿದ್ದಾಳೆ — ನಿಮ್ಮ ಡಿಕ್ಲರೇಶನ್ ನೋಡಿದೆ, ಅಲ್ಲಿನ ನನ್ನ ಸಹೋದ್ಯೋಗಿಗಳಿಗೂ ಆ ಕಾಗದ ಇಲ್ಲವೆಂದು ತಿಳಿದು ನೆಮ್ಮದಿಯಾಯಿತು, ನಿಮಗೆ ಧನ್ಯವಾದ.

ಉತ್ತರ ಬರೆಯಲು ಕೂತೆ. ಆಗಲಿಲ್ಲ. ಸಾರ್ ಸಂಜೆ ಎಲ್ಲರಿಗೂ ಜಾಮೂನು ತರಿಸಿದರು. ನನ್ನದನ್ನು ಟಿಶ್ಯೂನಲ್ಲಿ ಸುತ್ತಿ ಡ್ರಾಯರ್‌ನಲ್ಲಿಟ್ಟೆ.

ಜುಲೈ 6, ಭಾನುವಾರ, ಬೆಳಿಗ್ಗೆ 10

ಸುಮಾಳಿಗೆ ನಾನೇ ಫೋನ್ ಮಾಡಿದೆ. ಬಾ, ಬರೆದಿಡುತ್ತೇನೆ ಎಂದೆ. ಹನ್ನೊಂದಕ್ಕೆ ಬರುತ್ತಾಳೆ. ಕೆಲಸ ಹೋಗುತ್ತದೆ, ಅದು ಗ್ಯಾರಂಟಿ. ಐವತ್ತರ ಹತ್ತಿರ ಬಂದವಳಿಗೆ ಇನ್ನೊಂದು ಕಡೆ ಯಾರು ಕೊಡುತ್ತಾರೆ. ನಮ್ಮವರಿಗೆ ಹೇಳಿದೆ. ಪೇಪರ್ ಕೆಳಗಿಟ್ಟು "ಬರಿ" ಎಂದರು, ಅಷ್ಟೇ.

ಒಳ್ಳೆ ಹಾಳೆ ತೆಗೆದುಕೊಂಡೆ. "ನಾನು, ಗಿರಿಜಾದೇವಿ, ಸದರಿ ಕಂಪನಿಯ ಎಚ್.ಆರ್. ಆಗಿದ್ದು, ಸುಮಾ ಅವರ ರಾಜೀನಾಮೆ ಪತ್ರದ ಮೇಲೆ ಮಾಲೀಕರ ಆದೇಶದಂತೆ ದಿನಾಂಕ ಬರೆದಿರುತ್ತೇನೆ."

ಓದಿಕೊಂಡೆ. ಚೆನ್ನಾಗಿದೆ. ಲಾಯರ್‌ಗೂ ಸಾಕಾಗುತ್ತದೆ.

ಆದರೆ ಸಾರ್ ಆದೇಶ ಕೊಡಲಿಲ್ಲ.

ಈ ಡೈರಿಯಲ್ಲೂ ಸುಳ್ಳೇ ಬರೆದಿದ್ದೇನೆ, ಯಾರೂ ಓದದ ಪುಸ್ತಕದಲ್ಲಿ. ಆ ದಿನ ನಾಲ್ಕು ಗಂಟೆಗೆ ಸಾರ್ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಇಪ್ಪತ್ತಾರು ವಾರನಾ? ಈ ವರ್ಷ ಸ್ವಲ್ಪ ಕಷ್ಟಾನೇ... ಸರಿ ಬಿಡಿ, ಕೊಡ್ಲೇಬೇಕಲ್ಲ, ಕೊಡೋಣ" ಎಂದರು. ಕೊಡೋಣ ಎಂದರು. ನಾನು ಎದ್ದು ಬರಬಹುದಿತ್ತು. "ಲೆಟರ್ ಇದೆಯಲ್ಲ ಸಾರ್" ಎಂದೆ. ಯಾವ ಲೆಟರ್ ಎಂದು ಅವರಿಗೆ ಹೊಳೆಯಲೂ ಇಲ್ಲ. ನಾನೇ ಬೀರು ತೆಗೆದು ತಂದು ತೋರಿಸಿದೆ.

ಅವರ ಮುಖ ಹಗುರವಾಯಿತು. "ನೀವಿಲ್ದಿದ್ರೆ ಈ ಕಂಪನಿ ನಡೆಯಲ್ಲ ಗಿರಿಜಮ್ಮ" ಎಂದರು. ಆ ಒಂದು ಮಾತಿಗೆ. ಮನೆಗೆ ಬರುವಾಗ ಕಾಲು ಕೇಜಿ ಮೈಸೂರುಪಾಕು ತಂದಿದ್ದೆ. ಏನು ವಿಶೇಷ ಎಂದು ನಮ್ಮವರು ಕೇಳಿದ್ದರು.

ಸಾರ್ ಮೇಲೆ ಹಾಕಿದರೆ ಸುಮಾ ನನ್ನನ್ನು ಎಂದಾದರೊಂದು ದಿನ ಕ್ಷಮಿಸಬಹುದು. ಪಾಪ, ಕೆಲಸದ ಭಯ ಎಂದುಕೊಳ್ಳಬಹುದು. ಇದ್ದದ್ದನ್ನು ಬರೆದರೆ ಕ್ಷಮಿಸುವುದಿಲ್ಲ. ಕ್ಷಮಿಸಬಾರದು ಕೂಡ. ಆದರೆ ಅವಳು ಕೇಳಿದ್ದು ಇದ್ದದ್ದನ್ನ.

ಹೊಸ ಹಾಳೆ.

"ಈ ದಿನಾಂಕ ನನ್ನ ಕೈಬರಹ. ಬರೆಯಲು ಯಾರೂ ಹೇಳಿರಲಿಲ್ಲ. ಮಾಲೀಕರು ಹೆರಿಗೆ ರಜೆಯ ಸಂಬಳ ಕೊಡೋಣ ಎಂದರು. ಪತ್ರ ತಂದು ತೋರಿಸಿದವಳು ನಾನು. ಸುಮಾ ಅವರು ವಿಷಯವನ್ನು ನನ್ನನ್ನು ನಂಬಿ ಹೇಳಿದ್ದರು."

ಗೇಟು ತೆಗೆದ ಸದ್ದು. ಇನ್ನೂ ಹತ್ತೂ ಮುಕ್ಕಾಲು. ಮಗುವನ್ನೂ ಕರೆದುಕೊಂಡು ಬಂದಿದ್ದಾಳೆ, ದನಿ ಕೇಳುತ್ತಿದೆ. ನಮ್ಮವರು ಬಾಗಿಲಿಗೆ ಹೋದರು. ಎರಡೂ ಹಾಳೆ ಮೇಜಿನ ಮೇಲಿವೆ. ಮೊದಲನೆಯದನ್ನು ಹರಿಯಬೇಕು, ಎರಡನೆಯದಕ್ಕೆ ಸಹಿ ಇನ್ನೂ...