ನನ್ನ ಕನ್ನಡ ‘ಸ್ವಲ್ಪ ಬೇರೆ’ ಎಂದು ತಡೆದಿಟ್ಟ ಪಾಸ್‌ಪೋರ್ಟ್

ಮಾನ್ಯ ಪಾಸ್‌ಪೋರ್ಟ್ ತನಿಖಾಧಿಕಾರಿಗಳೇ,

ಗದಗ ಜಿಲ್ಲೆಯಲ್ಲಿ ಹುಟ್ಟಿ, ರೈಲ್ವೆ ನೌಕರಿಗೆಂದು ಕೋಲ್ಕತ್ತಾಕ್ಕೆ ಬಂದ ನನ್ನನ್ನು ಬಾಂಗ್ಲಾದೇಶದವನಿರಬಹುದೆಂದು ಶಂಕಿಸಿ ತಾವು ಪಾಸ್‌ಪೋರ್ಟ್ ತಡೆದಿದ್ದೀರಿ. ತಮಗೆ ಓದಲು ಬಾರದ ಭಾಷೆಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ತಾವು ನನ್ನಿಂದ ಕೇಳಿದ ಸಾಕ್ಷಿ ಈ ಭಾಷೆಯೇ. ಕನ್ನಡ ಬಲ್ಲವರೊಬ್ಬರು ಓದಿ ಹೇಳಲಿ.

ಠಾಣೆಗೆ ಕರೆದಿರಿ, ಬಂದೆ. ಚಹಾ ಕೊಟ್ಟಿರಿ, ಕುಡಿದೆ. ಸುಳ್ಳೇಕೆ, ಚಹಾ ಚೆನ್ನಾಗಿತ್ತು. ಶಾಲೆಯ ದಾಖಲೆ, ರೈಲ್ವೆ ಕಚೇರಿಯ ನಿವೃತ್ತಿ ಪತ್ರ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ನನಗೆ ಪಿಂಚಣಿ ಕೊಡುವುದೂ ಸರ್ಕಾರವೇ, ತಾವೂ ಸರ್ಕಾರವೇ. ಆದರೂ ಕಾಗದ ಮುಟ್ಟದೆ ಹಿಂದಿಯಲ್ಲಿ ಕೇಳಿದಿರಿ: “ಚಾಚಾ, ಕಾಗದ ಎಲ್ಲರ ಹತ್ತಿರಾನೂ ಇರುತ್ತೆ. ಆ ಕಡೆಯಿಂದ ಯಾವಾಗ ಬಂದ್ರಿ?” ಯಾವ ಕಡೆ ಸ್ವಾಮಿ? ಹುಬ್ಬಳ್ಳಿ ಕಡೆಯಿಂದ ಹೌರಾಕ್ಕೆ ರೈಲಿನಲ್ಲೇ ಬಂದೆ, ಅದೂ ರೈಲ್ವೆಯ ಪಾಸಿನಲ್ಲಿ.

ಆಗ ತಮಗೊಂದು ಉಪಾಯ ಹೊಳೆಯಿತು. ತಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಬೆಂಗಳೂರಿನ ಸಮರ್ಥ್ ಎಂಬ ಹುಡುಗನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಿರಿ.

“ನಮಸ್ಕಾರ ಅಂಕಲ್, ನೀವು ಏನಾದ್ರೂ ಕನ್ನಡದಲ್ಲಿ ಮಾತಾಡ್ಬೇಕಂತೆ.”

“ಏನ್ ಮಾತಾಡ್ಲೋ ತಮ್ಮಾ? ಪರೀಕ್ಷಾ ಇಟ್ಟಾರ, ಪ್ರಶ್ನಿ ಕೊಟ್ಟಿಲ್ಲ. ನಿಮ್ಮವ್ವಾರು ಆರಾಮ ಅದಾರಿಲ್ಲೋ? ಊಟಾ ಆತೇನು? ಈ ಊರಾಗ ಜ್ವಾಳದ ರೊಟ್ಟಿ ಸಿಗಂಗಿಲ್ಲ ನೋಡು, ಎಲ್ಲಿ ನೋಡಿದ್ರೂ ಬರೇ ಮೀನ!”

ಹುಡುಗ ನಕ್ಕ. ಆಮೇಲೆ ತಮಗೆ ಹಿಂದಿಯಲ್ಲಿ ಹೇಳಿದ: “ಕನ್ನಡಾನೇ ಸರ್. ಆದ್ರೆ ಸ್ವಲ್ಪ ಬೇರೆ ಥರ ಇದೆ. ನಾವು ಹೀಗೆ ಮಾತಾಡಲ್ಲ.”

ಅವನನ್ನು ಬಯ್ಯಲಾರೆ. ತುಂಗಭದ್ರೆಯಾಚೆಯ ಕನ್ನಡವನ್ನು ಬೆಂಗಳೂರಿನ ಮಕ್ಕಳು ಸಿನಿಮಾದ ಹಾಸ್ಯದಲ್ಲಷ್ಟೇ ಕೇಳಿರುತ್ತಾರೆ. ನಮ್ಮ ಕಚೇರಿಯಲ್ಲಿದ್ದ ಧಾರವಾಡದ ರಾಮಕೃಷ್ಣ ಇದೇ ರೊಟ್ಟಿಯ ಮಾತಾಡಿದ್ದರೆ “ಓ, ಉತ್ತರ ಕರ್ನಾಟಕದವರು!” ಎಂದು ಎಲ್ಲರೂ ನಗುತ್ತಿದ್ದರು. ಆಡಿದವನು ನಾನಾದ್ದರಿಂದ ತಾವು “ಭಾಷೆ ಭಿನ್ನ, ಹೆಚ್ಚಿನ ತನಿಖೆ ಬಾಕಿ” ಎಂದು ಬರೆದಿರಿ. ನುಡಿ ಅದೇ, ಗಡ್ಡವಷ್ಟೇ ಹೆಚ್ಚು.

ಬಿ.ಎ.ಯಲ್ಲಿ ‘ಬೆನಿಫಿಟ್ ಆಫ್ ದಿ ಡೌಟ್’ ಎಂದು ಏನೋ ಓದಿದ್ದೆ. ಡೌಟು ನನ್ನ ಪಾಲಿಗೆ, ಬೆನಿಫಿಟ್ಟು ತಮ್ಮ ಪಾಲಿಗೆ ಎಂದು ಮಾಸ್ತರು ಹೇಳಿದ ನೆನಪಿಲ್ಲ. ಅದೇ ಬಿ.ಎ.ಯ ಚರಿತ್ರೆ ಪುಸ್ತಕದಲ್ಲಿ ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದಿತ್ತು. ಹಾಗೆ ಭಾಗ ಮಾಡಿದ ಇಂಗ್ಲಿಷ್ ಸಾಹೇಬ ತನ್ನದನ್ನು ಮಾತ್ರ ಕ್ರೈಸ್ತ ಕಾಲ ಎನ್ನಲಿಲ್ಲ ನೋಡಿ! ನಮ್ಮನ್ನು ಧರ್ಮದಿಂದ ಸೀಳಿದ, ಮುಸಲ್ಮಾನ ಹೊರಗಿನವ ಎಂದು ಬರೆದಿಟ್ಟು ಹಡಗು ಹತ್ತಿದ. ಈಗ ವಸಾಹತಿನ ಕುರುಹು ಅಳಿಸುತ್ತೇವೆಂದು ರಸ್ತೆಗಳ ಹೆಸರು ಬದಲಿಸುತ್ತಾರೆ. ಧಾರಾಳವಾಗಿ ಅಳಿಸಿ. ಆದರೆ ಸಾಹೇಬನ ಆ ಒಂದು ಸಾಲನ್ನು ಮಾತ್ರ ಶಾಸ್ತ್ರವಾಕ್ಯದಂತೆ ಕಾಪಾಡಿಕೊಂಡು ಬಂದಿರುವುದೇಕೆ? ನಮ್ಮಜ್ಜ ಅರಳೆ ಹಿಂಜುವ ಪಿಂಜಾರ. ಅವನು ತುಂಬಿಕೊಟ್ಟ ಗಾದಿಯ ಮೇಲೆ ನಿದ್ದೆ ಬರಲಿಲ್ಲ ಎಂದು ಊರಿನ ಯಾವ ಜಾತಿಯವರೂ ಹೇಳಲಿಲ್ಲ. ಅವನ ಮೊಮ್ಮಗನಲ್ಲಿ ಪರಕೀಯನನ್ನು ಪತ್ತೆ ಹಚ್ಚಲು ತಾವೇ ಬರಬೇಕಾಯಿತು.

ಮಾತು ಎಲ್ಲಿಗೋ ಹೋಯಿತು. “ನೀವು ಬಾಯಿ ತೆರದ್ರ ಹೋಗೋ ಬಸ್ಸೂ ನಿಂತು ಕೇಳಬೇಕ್ರೀ” ಎನ್ನುತ್ತಿದ್ದಳು ನನ್ನ ಹೆಂಡತಿ ಮಾಬೂಬಿ. ಇಬ್ಬರೂ ಮಕ್ಕಾಕ್ಕೆ ಹೋಗೋಣವೆಂದಿದ್ದವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಉಮ್ರಾ ಯಾತ್ರೆ ಮಾಡಬೇಕು, ಅಷ್ಟಕ್ಕೇ ಈ ಪಾಸ್‌ಪೋರ್ಟು. ನಮ್ಮ ಮೊಹಲ್ಲಾದ ಗುಂಪು ರಂಜಾನಿಗೆ ಮೊದಲೇ ಹೊರಡುತ್ತದೆ. ಅದರಲ್ಲಿರುವ ಪಕ್ಕದ ಮನೆಯ ಟೇಲರ್ ಶಮೀಮ್, “ಚಾಚಾ, ಚಿಂತೆ ಬಿಡಿ, ಚಾಚಿಯ ಹೆಸರಲ್ಲಿ ನಾನೇ ಮಾಡಿ ಬರ್ತೀನಿ” ಎನ್ನುತ್ತಾನೆ. ಒಳ್ಳೆಯ ಮನುಷ್ಯ. ಆದರೆ ಅವಳು ನಲವತ್ತು ವರ್ಷ ಜಗಳವಾಡಿದ್ದು ನನ್ನ ಜೊತೆ, ಅವನ ಜೊತೆಯಲ್ಲ.

ಆದ್ದರಿಂದ ‘ಬಾಕಿ’ ಎಂಬ ಪದವನ್ನು ಹೊಡೆದುಹಾಕಿ. ಪಾಸ್‌ಪೋರ್ಟ್ ಕೊಡಿಸಿ, ಇಲ್ಲವೇ ಇವನು ಈ ದೇಶದವನಲ್ಲ ಎಂದು ಬರೆದು ಕೆಳಗೆ ಸಹಿ ಮಾಡಿ, ನಾನು ನ್ಯಾಯಾಲಯಕ್ಕೆ ಹೋಗುತ್ತೇನೆ. ಎರಡೂ ಮಾಡದೆ ಸುಮ್ಮನಿದ್ದರೆ ಗುಂಪು ಹೊರಟುಹೋಗುತ್ತದೆ, ಮುದುಕನೂ ಸುಮ್ಮನಾಗುತ್ತಾನೆ ಎಂದುಕೊಂಡಿದ್ದೀರಾ? ಅವರು ಹೊರಡುವ ದಿನ ನಾನು ಯಾತ್ರೆಯ ಬಿಳಿ ಬಟ್ಟೆಯುಟ್ಟು ತಮ್ಮ ಠಾಣೆಯ ಬೆಂಚಿನ ಮೇಲೆ ಬಂದು ಕೂರುತ್ತೇನೆ. ಅಲ್ಲೇ ಮಾಬೂಬಿಗಾಗಿ ದುವಾ ಮಾಡುತ್ತೇನೆ. ಅದು ಮುಗಿಯುವವರೆಗೆ ತಾವು ಎದುರಿಗೆ ಕುಳಿತು ನೋಡಬೇಕು.

ಇಂತಿ,
ತಾವು ಇನ್ನೂ ಯಾವ ದೇಶಕ್ಕೂ ಹಂಚದ
ರಾಜೇಸಾಬ ನದಾಫ
ಖಿದಿರಪುರ, ಕೋಲ್ಕತ್ತಾ