ಬೇಡವೆಂದ ಸಾರು

ಪ್ರಾಂಶುಪಾಲರಿಗೆ ನಮಸ್ಕಾರ.

ತಂದೆ ಮುಂಬೈಯಲ್ಲಿ ಹೋಟೆಲ್ ಮಾಲಕರೆಂದು ನನ್ನ ಶುಲ್ಕ ವಿನಾಯಿತಿ ಅರ್ಜಿ ತಿರಸ್ಕೃತವಾಗಿದೆ. ಪ್ರವೇಶದ ವೇಳೆ ಹಾಗೆ ಬರೆದದ್ದು ನಿಜ. ಆ ಹೋಟೆಲ್ ಮುಚ್ಚಿ ಅಪ್ಪಯ್ಯ ಬೈಂದೂರಿಗೆ ಮರಳಿ ಏಳು ತಿಂಗಳಾಯಿತು. ತಿದ್ದಿಸಲು ನಾಚಿಕೆಯಾಗಿ ಸುಮ್ಮನಿದ್ದೆ. ಈಗ ಅವರು ಸಮಾರಂಭಗಳಲ್ಲಿ ಊಟ ಬಡಿಸುತ್ತಾರೆ.

ಕಾಲೇಜು ವಾರ್ಷಿಕೋತ್ಸವದಂದು ನಮ್ಮ ಪಂಕ್ತಿಗೆ ಸಾರು ತಂದವರು ಅವರೇ. ಗೆಳತಿಯರ ನಡುವೆ ಕುಳಿತಿದ್ದ ನಾನು ಗುರುತಿಲ್ಲದವಳಂತೆ ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದೆ. ಮನೆಗೆ ಬಂದ ಅಪ್ಪಯ್ಯ, "ಎಂತಕ್ಕೆ ಬ್ಯಾಡ ಅಂದದ್ದ್ ಮಗಾ? ಹೊಟ್ಟಿ ತುಂಬ್ತಾ?" ಎಂದಷ್ಟೇ ಕೇಳಿದರು.

ಮರುಪರಿಶೀಲನೆಗೆ ಪೋಷಕರು ಬರಬೇಕಂತೆ. ಮಂಗಳವಾರ ಅವರಿಗೆ ಕೆಲಸವಿಲ್ಲ, ಕರೆತರುತ್ತೇನೆ. ನಿಮಗೆ ಅವರ ಗುರುತು ಸಿಕ್ಕರೂ ದಯವಿಟ್ಟು ಮೊದಲು ಮಾತಾಡಿಸಬೇಡಿ. ಅವರು ಯಾರೆಂದು ಅಲ್ಲಿ ನಾನೇ ಹೇಳಬೇಕು.

ಭುಜಂಗ ಶೆಟ್ಟರ ಮಗಳು,
ಸುಪ್ರೀತಾ
ದ್ವಿತೀಯ ಬಿ.ಕಾಂ.