ನನ್ನ ಗಂಡನ ಕಿವಿ ಮತ್ತು ನಾನೂರು ಪಾಲುದಾರರು

ಖಾಸಗಿ ಮಾಹಿತಿ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಏಳಲಿಲ್ಲ, ಮನ್ನಿಸಬೇಕು. ನನ್ನ ಗಂಡನ ಕಿವಿ ಮಂದವಾಗುತ್ತಿದೆ ಎಂಬ ಸುದ್ದಿ ಅವರ ಬಾಯಿಂದ ನನಗೆ ತಿಳಿಯುವ ಮೊದಲೇ ನಾನೂರಕ್ಕೂ ಹೆಚ್ಚು ಕಂಪನಿಗಳಿಗೆ ತಲುಪಿತ್ತು. ಇದು ನನ್ನ ದೂರು. 'ತಮ್ಮ ಪತಿಯವರು ಸಮ್ಮತಿ ನೀಡಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ' ಎಂಬುದು ತಾವು ದಯಪಾಲಿಸಿದ ಉತ್ತರ. ಅದರ ಕೆಳಗೆ, ನಮ್ಮ ಸೇವೆ ತಮಗೆ ತೃಪ್ತಿ ತಂದಿತೇ ಎಂದು ಕೇಳಿ ಐದು ನಕ್ಷತ್ರಗಳನ್ನೂ ಇಟ್ಟಿದ್ದೀರಿ. ಒಂದನ್ನು ಒತ್ತಲೂ ಮನಸ್ಸಾಗದೆ ಇಲ್ಲಿ, ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನನ್ನವರು ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡುವವರು. ದಿನವಿಡೀ ಗಡಗಡ ಸದ್ದು ಕುಡಿದ ಕಿವಿಗೆ ಸಂಜೆ ಹಕ್ಕಿಯ ದನಿ ಬೇಕು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡುತ್ತಾರೆ. ಇಂಥ ಹುಚ್ಚಿನವರಿಗಾಗಿಯೇ ಒಂದು ಜಾಲತಾಣವಿದೆ. ಇದು ಯಾವ ಹಕ್ಕಿಯ ಕೂಗು ಎಂದು ಒಬ್ಬ ಕೇಳಿದರೆ ಹತ್ತು ಜನ ಜಗಳಕ್ಕೆ ನಿಲ್ಲುತ್ತಾರೆ. ಇದಕ್ಕಿಂತ ನಿರುಪದ್ರವಿ ಜಾಗ ಬೇರೆ ಇದ್ದರೆ ತಾವೇ ತೋರಿಸಿ.

ಆ ತಾಣ ತೆರೆದ ಕೂಡಲೇ 'ನಿಮ್ಮ ಖಾಸಗಿತನ ನಮಗೆ ಮುಖ್ಯ' ಎಂಬ ಫಲಕವೊಂದು ಹಕ್ಕಿಯ ಚಿತ್ರದ ಮೇಲೆ ಬಂದು ಕೂರುತ್ತದೆ. ಕುಕಿ ಎಂಬ ಗುರುತುಚೀಟಿಗಳನ್ನು ನಮ್ಮ ಕಂಪ್ಯೂಟರಿನಲ್ಲಿಟ್ಟು, ನಾವು ಹೋದಲ್ಲೆಲ್ಲ ಹಿಂದೆ ಬರಲು ಅನುಮತಿ ಕೇಳುತ್ತದೆ. ಒಪ್ಪಿಗೆಯ ಗುಂಡಿ ಹಚ್ಚ ಹಸಿರು, ಅಂಗೈಯಗಲ. ಬೇಡ ಎನ್ನಬೇಕಾದರೆ ಮೂಲೆಯಲ್ಲಿ ಬೂದುಬಣ್ಣದ ಸಣ್ಣಕ್ಷರ ಹುಡುಕಬೇಕು. ಅದರ ಹಿಂದೆ ಪಾಲುದಾರರ ಸಾಲು, ಒಬ್ಬೊಬ್ಬರಿಗೂ ಒಂದೊಂದು ಸ್ವಿಚ್ಚು. ಹಾಸಿಗೆ ಮಾರುವವರು, ವಿಮೆ ಮಾರುವವರು, ಬೊಜ್ಜು ಕರಗಿಸುವವರು. ಹಕ್ಕಿಯ ಕೂಗಿನಲ್ಲಿ ಇವರಿಗೆ ಯಾವ ಪಾಲು ಸ್ವಾಮಿ? ಕೂಗು ಕೇಳುವ ಆತುರದಲ್ಲಿದ್ದ ನನ್ನವರು ಹಸಿರು ಗುಂಡಿ ಒತ್ತಿದರು. ತಮ್ಮ ನಿಘಂಟಿನಲ್ಲಿ ಅದರ ಹೆಸರು ಸಮ್ಮತಿ.

ಉಲಿಯಕ್ಕಿ ಎಂಬ ಪುಟಾಣಿ ಹಕ್ಕಿಯಿದೆ, ದನಿ ಬಹಳ ತೆಳ್ಳಗೆ. ಕಿವಿ ಸೋಲತೊಡಗಿದಾಗ ಮೊದಲು ಕೈಬಿಡುವುದು ಇಂಥ ದನಿಗಳೇ ಅಂತೆ. ನನ್ನವರು ಅದರ ಕೂಗನ್ನು ಸದ್ದು ಪೂರ್ತಿ ಏರಿಸಿ ಮತ್ತೆ ಮತ್ತೆ ಹಾಕಿದರು. 'ಇದರಲ್ಲಿ ಸದ್ದೇ ಇಲ್ಲವೇ, ನನಗೊಬ್ಬನಿಗೇ ಹೀಗೆಯೇ?' ಎಂದು ಬರೆದು, ಕಳಿಸದೆ ಅಳಿಸಿಬಿಟ್ಟರು. ತಾಣದಲ್ಲಿದ್ದ ಯಾವ ಮನುಷ್ಯನೂ ಅದನ್ನು ಓದಲಿಲ್ಲ. ಒತ್ತಿದ ಒಂದೊಂದು ಅಕ್ಷರವನ್ನೂ ಹಿಂದಿನಿಂದ ನೋಡುತ್ತಿದ್ದ ಪಾಲುದಾರರಿಗೆ ಮಾತ್ರ ಗೊತ್ತಾಯಿತು.

ಮುಂದಿನ ಭಾನುವಾರ ನಾದಿನಿ ಬಂದಿದ್ದಳು. ಏನೋ ಹುಡುಕಲೆಂದು ನಮ್ಮ ಕಂಪ್ಯೂಟರಿನ ಮುಂದೆ ಕೂತವಳು ಗಹಗಹಿಸಿ ನಕ್ಕಳು.

"ಅತ್ತಿಗೆ, ಇದೇನಿದು? ಎಲ್ಲಿ ನೋಡಿದ್ರೂ ಬರೀ ಕಿವಿ ಮಷೀನು! ಅಣ್ಣನಿಗೇನು ಕಿವುಡು ಬಂತಾ?"

"ನಿಮ್ಮಣ್ಣನಿಗೆ ಹಕ್ಕಿ ಮಾತೆಲ್ಲ ಕೇಳ್ಸುತ್ತೆ ಕಣೇ, ನನ್ನ ಮಾತು ಮಾತ್ರ ಕೇಳ್ಸಲ್ಲ" ಎಂದೆ.

ಎಲ್ಲರೂ ನಕ್ಕೆವು. ನನ್ನವರೂ ನಕ್ಕರು, ಆದರೆ ಒಂದು ಕ್ಷಣ ತಡವಾಗಿ, ನಮ್ಮ ಮುಖಗಳನ್ನು ನೋಡಿಕೊಂಡು. ಅವಳು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಹೇಳ್ಬೇಕು ಅಂತಾನೇ ಇದ್ದೆ. ತಾರಸಿ ಮೇಲೆ ನಿನ್ನನ್ನ ಪಕ್ಕ ಕೂರಿಸ್ಕೊಂಡು, ಉಲಿಯಕ್ಕಿ ಕೂಗ್ತಿದ್ಯಾ ಅಂತ ಕೇಳಿ, ಆಮೇಲೆ ಹೇಳೋಣ ಅಂತ." ನಾಚಿಕೆಯಿಂದ ಅವರು ತಲೆ ತಗ್ಗಿಸಿದ್ದರು. ತಗ್ಗಿಸಬೇಕಾದ ತಲೆ ಅದಲ್ಲ, ಅಧಿಕಾರಿಗಳೇ.

ತಾಣ ನಡೆಸುವವರಿಗೆ ಫೋನ್ ಮಾಡಿದೆ. ಪಾಪ, ಅವರೊಬ್ಬ ದಂತವೈದ್ಯರು. "ಅಮ್ಮಾ, ನಾನು ಹಲ್ಲು ಕೀಳೋನು. ತಾಣದ ಖರ್ಚಿಗಾಗುತ್ತೆ ಅಂತ ಯಾರೋ ಕೊಟ್ಟ ನಾಲ್ಕು ಸಾಲು ಕೋಡ್ ಅಂಟಿಸ್ದೆ. ಅದು ಏನೇನ್ ಮಾಡುತ್ತೋ ನನಗೂ ಗೊತ್ತಿಲ್ಲ" ಎಂದರು. ಒಪ್ಪಿಗೆ ಕೇಳಿದವರಿಗೆ ಗೊತ್ತಿಲ್ಲ, ಒಪ್ಪಿಗೆ ಕೊಟ್ಟವರಿಗೆ ಗೊತ್ತಿಲ್ಲ. ಆದರೂ ಇಬ್ಬರ ನಡುವೆ ಪರಿಪೂರ್ಣ ಸಮ್ಮತಿ ಏರ್ಪಟ್ಟಿದೆ ಎಂದು ತಾವು ಮೊಹರು ಒತ್ತಿದ್ದೀರಿ! ತಮ್ಮ ಈ ದಿವ್ಯದೃಷ್ಟಿಗೆ ಏನೆನ್ನಲಿ?

ನಾನು ಡ್ರೈ ಕ್ಲೀನಿಂಗ್ ಅಂಗಡಿ ನಡೆಸುತ್ತೇನೆ. ಕೋಟಿನ ಜೇಬುಗಳಲ್ಲಿ ಮಾತ್ರೆ, ಆಸ್ಪತ್ರೆಯ ಚೀಟಿ, ಯಾರದೋ ಒಂಟಿ ಓಲೆ ಸಿಗುತ್ತವೆ. ಎಲ್ಲವನ್ನೂ ಕವರಿಗೆ ಹಾಕಿ, ಬಾಯಿ ಮುಚ್ಚಿಕೊಂಡು ಹಿಂತಿರುಗಿಸುತ್ತೇವೆ. ಕೋಟು ಒಗೆಯಲು ಕೊಟ್ಟವನು ಜೇಬಿನ ಗುಟ್ಟನ್ನೂ ನನಗೆ ಒಪ್ಪಿಸಿದ್ದಾನೆ ಎಂದುಕೊಂಡು ನಾನದನ್ನು ಬೀದಿಗೆಲ್ಲ ಹಂಚಿದರೆ, ಆ ಬೀದಿಯಲ್ಲಿ ನನ್ನ ಅಂಗಡಿ ಉಳಿಯುತ್ತದೆಯೇ? ತಮ್ಮ ಕಚೇರಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಅಷ್ಟೇ ಅಲ್ಲ, ತಮ್ಮ ತಾಣದಲ್ಲಿ ಕುಕಿಗಳಿಗೆ ಒಪ್ಪದೆ ದೂರಿನ ಪುಟವೇ ತೆರೆಯಲಿಲ್ಲ. ದೂರು ಕೊಟ್ಟ ಮರುದಿನದಿಂದ ನನಗೆ ವಕೀಲರ ಜಾಹೀರಾತುಗಳು ಬರುತ್ತಿವೆ. ಕಾವಲಿಗೆ ಕೂತವರ ಮನೆಯಲ್ಲೇ ಗೋಡೆಗೆ ಕನ್ನ ಬಿದ್ದಿದೆ, ತಮಗೆ ಒಳ್ಳೆಯ ನಿದ್ದೆ.

ಇದನ್ನು ಊರಿಗೆಲ್ಲ ಸಾರುತ್ತಿರುವ ನಾನೇನು ಮೇಲು ಎಂದು ತಾವು ಕೇಳಬಹುದು. ನಾನು ಅವರನ್ನು ಕೇಳಿದ್ದೇನೆ. ಎದುರಿಗೆ ಕೂತು, ಏನು ಬರೆಯುತ್ತೇನೆಂದು ಹೇಳಿ, ಉತ್ತರ ಬರುವವರೆಗೆ ಕಾದೆ. ಎರಡು ದಿನ ಯೋಚಿಸಿ, "ಬರಿ. ಆದ್ರೆ ಕಿವುಡ ಅನ್ಬೇಡ, ಮಂದ ಅನ್ನು" ಎಂದರು. ನೋಡಿಕೊಳ್ಳಿ, ಸಮ್ಮತಿ ಎಂದರೆ ಇದು. ಹಸಿರು ಗುಂಡಿ ಬೇಕಾಗಲಿಲ್ಲ.

ಈಗ ಅವರು ಆ ತಾಣ ತೆರೆಯುವುದಿಲ್ಲ. ಸಂಜೆ ಇಬ್ಬರೂ ತಾರಸಿಗೆ ಹೋಗುತ್ತೇವೆ, ಫೋನು ಕೆಳಗೇ ಇರುತ್ತದೆ. ಉಲಿಯಕ್ಕಿ ಕೂಗಿದಾಗ ನಾನು ಅವರ ಮೊಣಕೈ ಮುಟ್ಟುತ್ತೇನೆ. ಅವರು ಆ ದಿಕ್ಕಿಗೆ ತಿರುಗಿ ತಲೆದೂಗುತ್ತಾರೆ.

ನನ್ನ ಪ್ರಕರಣವನ್ನು ಮತ್ತೆ ತೆರೆಯಿರಿ. ನನ್ನ ಗಂಡನ ಕಿವಿಯ ಸಂಗತಿಯನ್ನು ಪ್ರತಿಯೊಂದು ಕಂಪನಿಯಿಂದಲೂ ಅಳಿಸಿಸಿ, ಅಳಿಸಿದ್ದಕ್ಕೆ ಪುರಾವೆ ಕೊಡಿ. ಒಪ್ಪಿಗೆಯ ಗುಂಡಿ ಎಷ್ಟು ದೊಡ್ಡದೋ ನಿರಾಕರಣೆಯದೂ ಅಷ್ಟೇ ದೊಡ್ಡದಿರಲಿ, ಮೊದಲು ತಮ್ಮ ತಾಣದಲ್ಲಿ. ಇಷ್ಟೆಲ್ಲ ಮಾಡಿದರೂ ತಾರಸಿಯ ಮೇಲೆ ನನ್ನವರು ನನಗೆ ಹೇಳಬೇಕಿದ್ದ ಆ ಮಾತನ್ನು ತಾವು ಹಿಂದಕ್ಕೆ ತಂದುಕೊಡಲಾರಿರಿ. ಅದನ್ನು ಕೇಳಲು ನನ್ನ ಎರಡು ಕಿವಿಗಳೂ ಚೆನ್ನಾಗಿದ್ದವು.

ಇಂತಿ,
ಗಂಡನ ಸುದ್ದಿಯನ್ನು ಹಾಸಿಗೆ ವ್ಯಾಪಾರಿಯ ನಂತರ ತಿಳಿದ ಹೆಂಡತಿ